ಹನಿಯಲ್ಲೇ ಇದೆ ಗುಟ್ಟು: ದ್ರವ-ದ್ರವ ಎಕ್ಸ್‌ಟ್ರಾಕ್ಷನ್ ಕಾಲಮ್‌ನ ದಕ್ಷತೆ ಹೆಚ್ಚುವುದು ಹೇಗೆ, ಕುಸಿಯುವುದು ಯಾಕೆ?

ಹಳೆಯ ಬ್ಯಾಟರಿಗಳಿಂದ ಕೋಬಾಲ್ಟ್, ನಿಕಲ್ ವಾಪಸ್ ತೆಗೆಯುವ ಘಟಕಗಳ ಸುದ್ದಿ ಈಗ ಮೇಲಿಂದ ಮೇಲೆ ಬರುತ್ತಿದೆ. ವಿರಳ ಭೂಲೋಹಗಳ ಸುದ್ದಿಯೂ ಹಾಗೆಯೇ. ಎರಡರಲ್ಲೂ ‘ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್’ ಎಂಬ ಹೆಸರು ಬಂದು ಹೋಗುತ್ತದೆ. ಅದು ಏನು ಮಾಡುತ್ತದೆ ಎಂಬ ವಿವರ ಮಾತ್ರ ಸಿಗುವುದಿಲ್ಲ. ಪೆನಿಸಿಲಿನ್ ಶುದ್ಧೀಕರಣ, ಲೂಬ್ರಿಕೆಂಟ್ ಎಣ್ಣೆಯ ತಯಾರಿಕೆ, ಅಣು ಇಂಧನದ ಮರುಸಂಸ್ಕರಣೆ, ಕಾರ್ಖಾನೆಯ ಹೊಲಸು ನೀರಿನಿಂದ ಫಿನಾಲ್ ತೆಗೆಯುವುದು – ಎಲ್ಲದರ ಹಿಂದೆಯೂ ಇದೇ ವಿದ್ಯೆ. ಈ ಕೆಲಸ ಹಲವು ಕಡೆ ನಡೆಯುವುದು ಒಂದು ಎತ್ತರದ ಕೊಳವೆಯಲ್ಲಿ, ಅಂದರೆ ಕಾಲಮ್‌ನಲ್ಲಿ. ಹತ್ತು ಮೀಟರ್ ಎತ್ತರದ ಕಾಲಮ್ ಕಟ್ಟಿ, ಅದರಲ್ಲಿ ಮೂರು ಮೀಟರಿನಷ್ಟು ಕೆಲಸ ಮಾತ್ರ ಸಿಗುವುದು ಅಪರೂಪವೇನಲ್ಲ. ಉಳಿದ ಎತ್ತರವನ್ನು ಯಾವುದು ತಿಂದುಹಾಕುತ್ತದೆ ಎಂಬುದನ್ನು ಬುಡದಿಂದ ನೋಡೋಣ.

## ಮೊದಲು, ಎಕ್ಸ್‌ಟ್ರಾಕ್ಷನ್ ಎಂದರೆ

ಒಂದು ದ್ರವದಲ್ಲಿ ಕರಗಿರುವ ವಸ್ತುವನ್ನು, ಆ ದ್ರವದೊಂದಿಗೆ ಬೆರೆಯದ ಇನ್ನೊಂದು ದ್ರವಕ್ಕೆ ದಾಟಿಸುವುದೇ ದ್ರವ-ದ್ರವ ಎಕ್ಸ್‌ಟ್ರಾಕ್ಷನ್. ದಾಟಬೇಕಾದ ವಸ್ತುವಿಗೆ ದ್ರಾವ್ಯ ಎನ್ನುತ್ತಾರೆ. ಒಳಬರುವ ಮೂಲ ದ್ರವ ಫೀಡ್. ದ್ರಾವ್ಯವನ್ನು ಎಳೆದುಕೊಳ್ಳುವ ದ್ರವ ದ್ರಾವಕ. ದ್ರಾವ್ಯ ತುಂಬಿಕೊಂಡು ಹೊರಬರುವ ದ್ರಾವಕಕ್ಕೆ ಎಕ್ಸ್‌ಟ್ರಾಕ್ಟ್ ಎಂದೂ, ದ್ರಾವ್ಯ ಕಳೆದುಕೊಂಡು ಹೊರಬರುವ ಫೀಡ್‌ಗೆ ರಾಫಿನೇಟ್ ಎಂದೂ ಹೆಸರು. ರಾಫಿನೇಟ್‌ನಲ್ಲಿ ದ್ರಾವ್ಯ ಎಷ್ಟು ಕಡಿಮೆ ಉಳಿದಿದೆಯೋ ಕೆಲಸ ಅಷ್ಟು ಚೆನ್ನಾಗಿ ಆಗಿದೆ ಎಂದರ್ಥ.

ಕುದಿಸಿ ಬೇರ್ಪಡಿಸಿದರೆ ಸಾಲದೇ? ಎಲ್ಲ ಕಡೆ ಸಾಲದು. ನೀರಿನಲ್ಲಿ ಶೇ 5ರಷ್ಟು ಅಸಿಟಿಕ್ ಆಮ್ಲವಿದೆ ಎನ್ನಿ. ಆಮ್ಲ ಕುದಿಯುವುದು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಆ 5 ಪಾಲು ಆಮ್ಲಕ್ಕಾಗಿ 95 ಪಾಲು ನೀರನ್ನು ಆವಿ ಮಾಡಬೇಕು. ಪೆನಿಸಿಲಿನ್‌ನಂಥ ವಸ್ತು ಬಿಸಿ ತಾಗಿದರೆ ಕೆಟ್ಟೇ ಹೋಗುತ್ತದೆ. ಲೋಹದ ಲವಣಗಳು ಆವಿಯಾಗುವುದೇ ಇಲ್ಲ. ಇಂಥ ಕಡೆ ಎಕ್ಸ್‌ಟ್ರಾಕ್ಷನ್ ಬೇಕಾಗುತ್ತದೆ. ಪೆಟ್ರೋಲಿಯಂ ಉದ್ಯಮದಲ್ಲಿ ಇದು ಹಳೆಯ ವಿದ್ಯೆ: ಸೀಮೆಎಣ್ಣೆಯ ಹೊಗೆಗೆ ಕಾರಣವಾದ ಆರೊಮ್ಯಾಟಿಕ್ ಅಂಶಗಳನ್ನು ದ್ರವರೂಪದ ಸಲ್ಫರ್ ಡೈಆಕ್ಸೈಡ್‌ನಿಂದ ತೆಗೆಯುವ ವಿಧಾನವನ್ನು ರೊಮೇನಿಯಾದ ಎಡೆಲೆಯಾನು 1908ರಲ್ಲೇ ರೂಪಿಸಿದ್ದರು.

ಎರಡು ದ್ರವಗಳನ್ನು ಚೆನ್ನಾಗಿ ಕಲಕಿ ನಿಲ್ಲಲು ಬಿಟ್ಟರೆ ದ್ರಾವ್ಯವು ಎರಡರಲ್ಲೂ ಒಂದು ನಿಶ್ಚಿತ ಅನುಪಾತದಲ್ಲಿ ಹಂಚಿಕೆಯಾಗಿ ನಿಲ್ಲುತ್ತದೆ. ಇದಕ್ಕೆ ಸಮತೋಲನ ಎನ್ನುತ್ತೇವೆ. ದ್ರಾವಕದಲ್ಲಿರುವ ಪ್ರಮಾಣವನ್ನು ರಾಫಿನೇಟ್‌ನಲ್ಲಿರುವ ಪ್ರಮಾಣದಿಂದ ಭಾಗಿಸಿದರೆ ಸಿಗುವುದು ಹಂಚಿಕೆ ಗುಣಾಂಕ. ಅದು 2 ಆಗಿದ್ದರೆ, ರಾಫಿನೇಟ್‌ನಲ್ಲಿ ಶೇ 1 ಇರುವಾಗ ದ್ರಾವಕದಲ್ಲಿ ಶೇ 2 ಇರುತ್ತದೆ. ಇನ್ನೆಷ್ಟು ಹೊತ್ತು ಕಲಕಿದರೂ ಅದಕ್ಕಿಂತ ಹೆಚ್ಚು ದಾಟುವುದಿಲ್ಲ.

## ಒಂದು ಹಂತ ಸಾಲದು

ಹೀಗೆ ಕಲಕಿ, ಸಮತೋಲನಕ್ಕೆ ತಂದು, ಬೇರ್ಪಡಿಸುವ ಒಂದು ಸುತ್ತಿಗೆ ‘ಒಂದು ಹಂತ’ ಎಂದು ಲೆಕ್ಕ. ಹಂಚಿಕೆ ಗುಣಾಂಕ 2 ಇದೆ, ಫೀಡ್ ಎಷ್ಟೋ ದ್ರಾವಕವೂ ಅಷ್ಟೇ ಇದೆ ಎಂದುಕೊಳ್ಳಿ. ಒಂದೇ ಹಂತದಲ್ಲಿ ಮುಗಿಸಿದರೆ ದ್ರಾವ್ಯದ ಮೂರನೇ ಒಂದು ಪಾಲು, ಅಂದರೆ ಶೇ 33.3, ರಾಫಿನೇಟ್‌ನಲ್ಲೇ ಉಳಿಯುತ್ತದೆ. ಅದೇ ದ್ರಾವಕವನ್ನು ಮೂರು ಪಾಲು ಮಾಡಿ ಮೂರು ಸಲ ಹೊಸದಾಗಿ ಬಳಸಿದರೆ ಉಳಿಯುವುದು ಶೇ 21.6. ಬಟ್ಟೆಯ ಸಾಬೂನನ್ನು ಒಂದು ಬಕೆಟ್ ನೀರಿನಲ್ಲಿ ಒಮ್ಮೆಲೇ ಜಾಲಿಸುವುದಕ್ಕಿಂತ, ಅದೇ ನೀರನ್ನು ಮೂರು ಪಾಲು ಮಾಡಿ ಮೂರು ಸಲ ಜಾಲಿಸಿದರೆ ಚೆನ್ನಾಗಿ ಹೋಗುವುದು ಇದೇ ಕಾರಣಕ್ಕೆ.

ಇದಕ್ಕೂ ಒಳ್ಳೆಯ ದಾರಿಯಿದೆ. ಫೀಡ್ ಒಂದು ತುದಿಯಿಂದ, ದ್ರಾವಕ ಇನ್ನೊಂದು ತುದಿಯಿಂದ ಹೊರಟು ಎದುರುಬದುರಾಗಿ ಹಾಯುವ ವ್ಯವಸ್ಥೆ ಅದು. ಹೆಸರು ಪ್ರತಿಮುಖ ಹರಿವು. ದ್ರಾವ್ಯ ಹೆಚ್ಚುಕಡಿಮೆ ಖಾಲಿಯಾದ ರಾಫಿನೇಟ್ ಹೊರಬೀಳುವ ಮುನ್ನ ತಾಜಾ ದ್ರಾವಕವನ್ನು ಮುಟ್ಟುತ್ತದೆ. ದ್ರಾವ್ಯ ತುಂಬಿದ ದ್ರಾವಕ ಹೊರಡುವ ಮುನ್ನ ತಾಜಾ ಫೀಡನ್ನು ಮುಟ್ಟುತ್ತದೆ. ಹಾಗಾಗಿ ದಾಟುವ ಒತ್ತಾಸೆ ಎಲ್ಲ ಕಡೆಯೂ ಉಳಿದಿರುತ್ತದೆ. ಮೇಲಿನದೇ ಲೆಕ್ಕದಲ್ಲಿ, ಅಷ್ಟೇ ದ್ರಾವಕದಿಂದ, ಪ್ರತಿಮುಖವಾಗಿ 3 ಹಂತ ಕೊಟ್ಟರೆ ಉಳಿಯುವುದು ಶೇ 6.7, 5 ಹಂತ ಕೊಟ್ಟರೆ ಶೇ 1.6, 7ಕ್ಕೆ ಶೇ 0.4. ಕಾಲಮ್ ಕಟ್ಟುವುದು ಈ ಲಾಭಕ್ಕಾಗಿಯೇ. ಹಗುರ ದ್ರವವನ್ನು ಕೆಳಗಿನಿಂದ, ಭಾರದ್ದನ್ನು ಮೇಲಿನಿಂದ ಬಿಟ್ಟರೆ ಗುರುತ್ವವೇ ಅವೆರಡನ್ನೂ ಎದುರುಬದುರಾಗಿ ನಡೆಸುತ್ತದೆ.

ಇಲ್ಲಿ ಇನ್ನೊಂದು ಸಂಖ್ಯೆಯನ್ನು ಬಿಡುವ ಹಾಗಿಲ್ಲ: ಎಕ್ಸ್‌ಟ್ರಾಕ್ಷನ್ ಫ್ಯಾಕ್ಟರ್. ಹಂಚಿಕೆ ಗುಣಾಂಕವನ್ನು ದ್ರಾವಕ-ಫೀಡ್ ಅನುಪಾತದಿಂದ ಗುಣಿಸಿದರೆ ಅದು ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 2. ಇದು 1ಕ್ಕಿಂತ ಕೆಳಗಿಳಿದರೆ ಕಾಲಮ್ ಎಷ್ಟೇ ಎತ್ತರವಿದ್ದರೂ ಪ್ರಯೋಜನವಿಲ್ಲ. 0.8 ಇದ್ದರೆ, ಲೆಕ್ಕವಿಲ್ಲದಷ್ಟು ಹಂತ ಕೊಟ್ಟರೂ ದ್ರಾವ್ಯದ ಶೇ 20 ಉಳಿದೇ ಉಳಿಯುತ್ತದೆ, ಯಾಕೆಂದರೆ ಅಷ್ಟನ್ನು ಹೊರುವ ಶಕ್ತಿಯೇ ಆ ದ್ರಾವಕಕ್ಕಿಲ್ಲ. ಕಾಲಮ್‌ನ ದಕ್ಷತೆ ಕಡಿಮೆ ಎಂದು ದೂರುವ ಮುನ್ನ ಈ ಸಂಖ್ಯೆ ನೋಡಬೇಕು.

## ದಕ್ಷತೆಯನ್ನು ಅಳೆಯುವುದು

ಸರಳವಾದ ಅಳತೆ ಇದು: ಕಾಲಮ್ ಮಾಡಿದ ಕೆಲಸ ಎಷ್ಟು ಆದರ್ಶ ಹಂತಗಳಿಗೆ, ಅಂದರೆ ಪೂರ್ತಿ ಸಮತೋಲನ ಮುಟ್ಟುವ ಹಂತಗಳಿಗೆ, ಸಮ ಎಂದು ಲೆಕ್ಕಹಾಕಿ, ಅದನ್ನು ಒಳಗೆ ಒಂದರ ಮೇಲೊಂದು ಅಡ್ಡಲಾಗಿ ಇಟ್ಟಿರುವ ನಿಜವಾದ ತಟ್ಟೆಗಳ ಸಂಖ್ಯೆಯಿಂದ ಭಾಗಿಸುವುದು. 20 ಜರಡಿ ತಟ್ಟೆಗಳ ಕಾಲಮ್ ಇದೆ, ಎಕ್ಸ್‌ಟ್ರಾಕ್ಷನ್ ಫ್ಯಾಕ್ಟರ್ 1.5, ರಾಫಿನೇಟ್‌ನಲ್ಲಿ ಉಳಿದಿರುವುದು ಶೇ 8 ಎನ್ನಿ. ಹಂತಗಳ ಲೆಕ್ಕ ಕೊಡುವ ಕ್ರೆಮ್ಸರ್ ಸೂತ್ರದಲ್ಲಿ ಹಾಕಿದರೆ ಇದು ಸುಮಾರು 3.9 ಆದರ್ಶ ಹಂತಗಳ ಕೆಲಸ. 3.9ನ್ನು 20ರಿಂದ ಭಾಗಿಸಿ: ದಕ್ಷತೆ ಶೇ 19ರ ಆಸುಪಾಸು. ಗಾಬರಿಯಾಗಬೇಕಿಲ್ಲ. ಜರಡಿ ತಟ್ಟೆಯ ಎಕ್ಸ್‌ಟ್ರಾಕ್ಷನ್ ಕಾಲಮ್‌ಗೆ ಶೇ 10ರಿಂದ 30 ಎಂಬುದು ಮಾಮೂಲಿ.

ಬಟ್ಟಿ ಇಳಿಸುವ ಕಾಲಮ್‌ನಲ್ಲಿ ಶೇ 60-80 ಸಿಗುವಾಗ ಇಲ್ಲೇಕೆ ಇಷ್ಟು ಕಡಿಮೆ? ಅಲ್ಲಿ ಆವಿ ಮತ್ತು ದ್ರವದ ಸಾಂದ್ರತೆಯ ವ್ಯತ್ಯಾಸ ಘನ ಮೀಟರ್‌ಗೆ ನೂರಾರು ಕೆಜಿ. ಆವಿ ತನ್ನ ಒತ್ತಡದಿಂದ ನುಗ್ಗಿ ದ್ರವವನ್ನು ನೊರೆಯಾಗಿ ಎಬ್ಬಿಸುತ್ತದೆ. ಇಲ್ಲಿ ಎರಡೂ ದ್ರವಗಳೇ. ವ್ಯತ್ಯಾಸ ಎಷ್ಟೋ ಸಲ ಘನ ಮೀಟರ್‌ಗೆ 50ರಿಂದ 200 ಕೆಜಿ. ಅಷ್ಟು ಸಣ್ಣ ತೇಲುವ ಬಲದಿಂದ ತಟ್ಟೆಯ ಮೇಲೆ ಜೋರಾದ ಕಲಕಾಟ ಹುಟ್ಟುವುದಿಲ್ಲ. ಹಾಗಾಗಿಯೇ ಈ ಕಾಲಮ್‌ಗಳಿಗೆ ಹೊರಗಿನಿಂದ ಶಕ್ತಿ ಕೊಡುವ ಪದ್ಧತಿ ಬಂದದ್ದು: ತಿರುಗುವ ಬಿಲ್ಲೆ, ಮೇಲೆ-ಕೆಳಗೆ ಆಡುವ ತಟ್ಟೆ, ದ್ರವಕ್ಕೆ ಕೊಡುವ ಮಿಡಿತ.

ತಟ್ಟೆಗಳನ್ನು ಎಣಿಸಲು ಬಾರದ ಕಾಲಮ್‌ಗಳಲ್ಲಿ ‘ಒಂದು ಆದರ್ಶ ಹಂತಕ್ಕೆ ಎಷ್ಟು ಎತ್ತರ ಬೇಕು’ ಎಂದು ಕೇಳುತ್ತೇವೆ. ಇದಕ್ಕೆ ಎಚ್‌ಇಟಿಪಿ ಎನ್ನುತ್ತಾರೆ. 6 ಮೀಟರ್ ಪ್ಯಾಕಿಂಗ್‌ನಲ್ಲಿ (ಕಾಲಮ್‌ನೊಳಗೆ ತುಂಬುವ ಉಂಗುರದಂಥ ತುಣುಕುಗಳಲ್ಲಿ) 4 ಹಂತದ ಕೆಲಸ ಆದರೆ ಎಚ್‌ಇಟಿಪಿ 1.5 ಮೀಟರ್. ಕಡಿಮೆಯಾದಷ್ಟೂ ಒಳ್ಳೆಯದು. ಒಂದೊಂದೇ ತಟ್ಟೆ ತನ್ನ ಕಡೆಯಿಂದ ಸಮತೋಲನಕ್ಕೆ ಎಷ್ಟು ಹತ್ತಿರ ಹೋಯಿತು ಎಂದು ನೋಡುವ ಅಳತೆಯೂ ಇದೆ, 1925ರಲ್ಲಿ ಮರ್ಫ್ರಿ ಕೊಟ್ಟದ್ದು. ಸಂಶೋಧನೆಗೆ ಅದು ಬೇಕು. ಪ್ಲಾಂಟ್‌ನ ದಿನನಿತ್ಯದ ಲೆಕ್ಕಕ್ಕೆ ಮೇಲಿನ ಎರಡು ಸಾಕು.

## ಒಂದು ಹನಿಯನ್ನು ಹತ್ತಿರದಿಂದ

ಕಾಲಮ್‌ನೊಳಗೆ ಒಂದು ದ್ರವ ಅಖಂಡವಾಗಿ ತುಂಬಿಕೊಂಡಿರುತ್ತದೆ, ಇನ್ನೊಂದು ಅದರೊಳಗೆ ಹನಿಹನಿಯಾಗಿ ಸಾಗುತ್ತದೆ. ದ್ರಾವ್ಯ ದಾಟುವುದು ಹನಿಯ ಹೊರಮೈಯಲ್ಲಿ ಮಾತ್ರ. ಒಂದು ಲೀಟರ್ ದ್ರವ ಒಂದೇ ಗೋಳವಾಗಿದ್ದರೆ ಅದರ ವ್ಯಾಸ 12.4 ಸೆಂಟಿಮೀಟರ್, ಹೊರಮೈ 0.05 ಚದರ ಮೀಟರ್‌ಗೂ ತುಸು ಕಡಿಮೆ. ಅದನ್ನೇ 2 ಮಿಲಿಮೀಟರ್ ಹನಿಗಳಾಗಿ ಒಡೆದರೆ ಸುಮಾರು 2.4 ಲಕ್ಷ ಹನಿಗಳು. ಒಟ್ಟು ಹೊರಮೈ 3 ಚದರ ಮೀಟರ್. ಅರವತ್ತು ಪಟ್ಟಿಗೂ ಹೆಚ್ಚು.

ಹಾಗಾದರೆ ಇನ್ನೂ ಪುಡಿ ಮಾಡೋಣ ಎನ್ನಿಸುವುದು ಸಹಜ. ತೊಡಕಿರುವುದು ಅಲ್ಲೇ. ನೀರಿಗಿಂತ ಹಗುರವಾದ ಟಾಲುಯಿನ್ ಎಂಬ ದ್ರಾವಕದ 3 ಮಿಲಿಮೀಟರ್ ಹನಿ ನೀರಿನಲ್ಲಿ ಸೆಕೆಂಡಿಗೆ 10 ಸೆಂಟಿಮೀಟರಿನ ಆಸುಪಾಸಿನ ವೇಗದಲ್ಲಿ ಮೇಲೇರುತ್ತದೆ. ಅದೇ 0.1 ಮಿಲಿಮೀಟರ್ ಹನಿಯ ವೇಗ ಸೆಕೆಂಡಿಗೆ ಸುಮಾರು 0.7 ಮಿಲಿಮೀಟರ್. ಕಾಲಮ್‌ನಲ್ಲಿ ನೀರು ಗಂಟೆಗೆ 20 ಮೀಟರ್, ಅಂದರೆ ಸೆಕೆಂಡಿಗೆ 5.6 ಮಿಲಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತಿದ್ದರೆ ಈ ಸಣ್ಣ ಹನಿ ಮೇಲೇರುವ ಮಾತೇ ಇಲ್ಲ. ನೀರಿನ ಜೊತೆ ಕೆಳಗೆ ಹರಿದು ರಾಫಿನೇಟ್‌ನಲ್ಲಿ ಸೇರಿಕೊಂಡು ಹೊರಬೀಳುತ್ತದೆ. ದ್ರಾವಕವೂ ನಷ್ಟ, ಅದು ಎಳೆದುಕೊಂಡ ದ್ರಾವ್ಯವೂ ನಷ್ಟ.

ಹನಿಯ ಒಳಗೂ ಒಂದು ಚಲನೆಯಿದೆ. ದೊಡ್ಡ ಹನಿ ಮೇಲೇರುವಾಗ ಸುತ್ತಲಿನ ದ್ರವದ ಉಜ್ಜುವಿಕೆಯಿಂದ ಅದರ ಒಳಭಾಗ ಸುತ್ತುತ್ತಿರುತ್ತದೆ. ಇನ್ನೂ ದೊಡ್ಡದಾದರೆ ಹನಿಯೇ ಅತ್ತಿತ್ತ ಅದುರುತ್ತದೆ. ಇದರಿಂದ ಒಳಗಿನ ದ್ರವ ಮತ್ತೆ ಮತ್ತೆ ಹೊರಮೈಗೆ ಬಂದು ದ್ರಾವ್ಯ ಬೇಗ ದಾಟುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣ ಹನಿಗಳು ಹೆಚ್ಚಾಗಿ ಗಟ್ಟಿ ಗುಂಡಿನಂತೆ ವರ್ತಿಸುತ್ತವೆ. ಒಳಗಿನ ಸುತ್ತಾಟ ನಿಂತು, ದ್ರಾವ್ಯ ನಿಧಾನವಾದ ವಿಸರಣದಿಂದಲೇ ಹೊರಮೈ ತಲುಪಬೇಕಾಗುತ್ತದೆ. ಹೀಗೆ ಹನಿ ಸಣ್ಣದಾದಷ್ಟೂ ಹೊರಮೈ ಹೆಚ್ಚುತ್ತದೆ, ಆದರೆ ಪ್ರತಿ ಚದರ ಮೀಟರ್ ಮಾಡುವ ಕೆಲಸ ಕುಗ್ಗುತ್ತದೆ. ಒಂದರಿಂದ ನಾಲ್ಕು ಮಿಲಿಮೀಟರ್ ನಡುವಿನ ಹನಿಯೇ ಬಹುತೇಕ ಕಾಲಮ್‌ಗಳಿಗೆ ಹಿತ.

ಡಿಟರ್ಜೆಂಟ್‌ನಂಥ ಮೇಲ್ಮೈಗೆ ಅಂಟುವ ವಸ್ತು ಲವಲೇಶ ಸೇರಿದರೂ ಸಾಕು, ಹನಿಯ ಮೇಲೆ ಪೊರೆಯಂತೆ ಕೂತು ದೊಡ್ಡ ಹನಿಯ ಒಳಸುತ್ತಾಟವನ್ನೂ ನಿಲ್ಲಿಸಿಬಿಡುತ್ತದೆ. ಪ್ರಯೋಗಾಲಯದ ಶುದ್ಧ ರಾಸಾಯನಿಕಗಳಲ್ಲಿ ಸಿಕ್ಕ ದಕ್ಷತೆ ಪ್ಲಾಂಟ್‌ನಲ್ಲಿ ಸಿಗದೇ ಹೋಗುವುದಕ್ಕೆ ಇದು ದೊಡ್ಡ ಕಾರಣ. ಪಂಪಿನ ಗ್ರೀಸ್, ಟ್ಯಾಂಕ್ ತೊಳೆದ ಸೋಪಿನ ಶೇಷ, ಹುದುಗು ದ್ರವದ ಪ್ರೋಟೀನು – ಯಾವುದಾದರೂ ಆಗಬಹುದು. ನನ್ನ ಮಟ್ಟಿಗೆ, ನಿಜವಾದ ಪ್ಲಾಂಟ್ ದ್ರವದಲ್ಲಿ ಪರೀಕ್ಷಿಸದ ಯಾವ ವಿನ್ಯಾಸವನ್ನೂ ಪೂರ್ತಿ ನಂಬಬಾರದು.

ದ್ರಾವ್ಯ ಯಾವ ಕಡೆಗೆ ದಾಟುತ್ತಿದೆ ಎಂಬುದೂ ಹನಿಯ ಗಾತ್ರವನ್ನು ಬದಲಿಸುತ್ತದೆ. ಅಸಿಟೋನಿನಂಥ ದ್ರಾವ್ಯ ಹನಿಯಿಂದ ಹೊರಕ್ಕೆ ಹೋಗುತ್ತಿದ್ದರೆ, ಹತ್ತಿರ ಬಂದ ಎರಡು ಹನಿಗಳ ನಡುವಿನ ತೆಳು ಪದರದಲ್ಲಿ ದ್ರಾವ್ಯ ಬೇಗ ಶೇಖರವಾಗುತ್ತದೆ. ಅಲ್ಲಿ ಮೇಲ್ಮೈ ಎಳೆತ (ಎರಡು ದ್ರವಗಳ ಗಡಿಯನ್ನು ಬಿಗಿಹಿಡಿಯುವ ಬಲ) ಇಳಿದು ಪದರ ಪಕ್ಕಕ್ಕೆ ಸರಿದು, ಹನಿಗಳು ಕೂಡಿಕೊಳ್ಳುತ್ತವೆ. ಹನಿಗಳು ದೊಡ್ಡದಾಗುತ್ತವೆ. ದ್ರಾವ್ಯ ಹೊರಗಿನಿಂದ ಹನಿಯೊಳಕ್ಕೆ ಹೋಗುತ್ತಿದ್ದರೆ ಇದರ ತಿರುವುಮುರುವು: ಹನಿಗಳು ಕೂಡದೆ ಸಣ್ಣದಾಗಿಯೇ ಉಳಿಯುತ್ತವೆ. ಅದೇ ಕಾಲಮ್, ಅವೇ ದ್ರವಗಳು, ದಾಟುವ ದಿಕ್ಕು ಮಾತ್ರ ಬೇರೆ. ದಕ್ಷತೆಯ ಅಂಕಿ ಬೇರೆಯೇ ಬರುತ್ತದೆ. ಕಾಲಮ್‌ಗಳನ್ನು ಹೋಲಿಸಿ ಪರೀಕ್ಷಿಸಲು ಟಾಲುಯಿನ್-ಅಸಿಟೋನ್-ನೀರು, ಬ್ಯುಟೈಲ್ ಅಸಿಟೇಟ್-ಅಸಿಟೋನ್-ನೀರು, ಬ್ಯುಟನಾಲ್-ಸಕ್ಸಿನಿಕ್ ಆಮ್ಲ-ನೀರು ಎಂಬ ಮೂರು ಜೋಡಣೆಗಳನ್ನು ಮಾನಕವಾಗಿ ಇಟ್ಟುಕೊಂಡಿರುವುದು ಮೇಲ್ಮೈ ಎಳೆತ ಕ್ರಮವಾಗಿ ಹೆಚ್ಚು, ಮಧ್ಯಮ, ಕಡಿಮೆ ಇರಲಿ ಎಂದೇ.

## ಒಳಗೇನಿದೆ ಎಂಬುದರ ಮೇಲೆ

ಖಾಲಿ ಕೊಳವೆಯಲ್ಲಿ ಹನಿ ಬಿಡುವ ಸ್ಪ್ರೇ ಕಾಲಮ್ ಅತಿ ಸರಳ, ದಕ್ಷತೆಯಲ್ಲಿ ಅತಿ ಬಡವ. ಒಂದು ಹಂತಕ್ಕೆ 3 ಮೀಟರ್ ಅಥವಾ ಇನ್ನೂ ಹೆಚ್ಚು ಎತ್ತರ ಬೇಡುತ್ತದೆ. ಪ್ಯಾಕಿಂಗ್ ತುಂಬಿದ ಕಾಲಮ್‌ಗೆ ಸಾಮಾನ್ಯವಾಗಿ ಅರ್ಧದಿಂದ ಎರಡು ಮೀಟರ್. ಜರಡಿ ತಟ್ಟೆಯ ಕಾಲಮ್‌ನಲ್ಲಿ 3ರಿಂದ 6 ಮಿಲಿಮೀಟರ್ ರಂಧ್ರಗಳ ಮೂಲಕ ಹನಿಗಳು ಹುಟ್ಟಿ, ಮುಂದಿನ ತಟ್ಟೆಯ ಅಡಿಯಲ್ಲಿ ಕೂಡಿ ಪದರವಾಗಿ, ಮತ್ತೆ ಹೊಸ ಹನಿಗಳಾಗುತ್ತವೆ. ಈ ಕೂಡಿ ಒಡೆಯುವ ಆಟದಿಂದ ಹೊರಮೈ ಹೊಸದಾಗುತ್ತಿರುತ್ತದೆ. ಆದರೆ ರಂಧ್ರದಲ್ಲಿ ದ್ರವದ ವೇಗ ಸೆಕೆಂಡಿಗೆ 15ರಿಂದ 30 ಸೆಂಟಿಮೀಟರ್ ಇರಬೇಕು. ಉತ್ಪಾದನೆ ಅರ್ಧಕ್ಕೆ ಇಳಿಸಿದ ದಿನ ವೇಗ ಬಿದ್ದು, ಕೆಲವು ರಂಧ್ರಗಳು ಕೆಲಸವನ್ನೇ ನಿಲ್ಲಿಸಿ, ಉಳಿದವು ದಪ್ಪ ಹನಿಗಳನ್ನು ತೊಟ್ಟಿಕ್ಕಿಸುತ್ತವೆ. ಹರಿವು ಕಡಿಮೆ ಮಾಡಿದರೆ ಬೇರ್ಪಡಿಕೆ ಚೆನ್ನಾಗಬೇಕಿತ್ತಲ್ಲ ಎಂದು ಆಪರೇಟರ್‌ಗಳು ತಲೆ ಕೆರೆದುಕೊಳ್ಳುವುದು ಇಲ್ಲೇ.

ಶಕ್ತಿ ಕೊಡುವ ಕಾಲಮ್‌ಗಳಲ್ಲಿ ಹನಿಯ ಗಾತ್ರ ನಮ್ಮ ಕೈಯಲ್ಲಿರುತ್ತದೆ. ನಡುವಿನ ದಂಡಕ್ಕೆ ಬಿಲ್ಲೆಗಳನ್ನು ಹಾಕಿ ತಿರುಗಿಸುವ ಆರ್‌ಡಿಸಿ (ರೋಟೇಟಿಂಗ್ ಡಿಸ್ಕ್ ಕಾಂಟ್ಯಾಕ್ಟರ್), ಕಲಕುವ ಚಕ್ರಗಳಿರುವ ಶೈಬೆಲ್ ಮತ್ತು ಕ್ಯೂನಿ, ತಟ್ಟೆಗಳ ಇಡೀ ಗೊಂಚಲನ್ನೇ ಮೇಲೆ-ಕೆಳಗೆ ಆಡಿಸುವ ಕಾರ್ (Karr) ಕಾಲಮ್, ದ್ರವಕ್ಕೆ ಮಿಡಿತ ಕೊಡುವ ಪಲ್ಸ್ ಕಾಲಮ್ – ಇವು ಮುಖ್ಯವಾದವು. ಸಣ್ಣ ವ್ಯಾಸದಲ್ಲಿ ಕಾರ್ ಮತ್ತು ಕ್ಯೂನಿ ಕಾಲಮ್‌ಗಳು ಮೀಟರಿಗೆ ನಾಲ್ಕಾರು ಹಂತಗಳನ್ನು ಕೊಡಬಲ್ಲವು. ವಿಕಿರಣವಿರುವ ಕಡೆ ಪಲ್ಸ್ ಕಾಲಮ್‌ಗೇ ಮಣೆ, ಯಾಕೆಂದರೆ ಅದರೊಳಗೆ ತಿರುಗುವ ಭಾಗವೇ ಇಲ್ಲ. ಮಿಡಿತವನ್ನು ದೂರದಿಂದ ಗಾಳಿಯ ಒತ್ತಡದಲ್ಲಿ ಕೊಡಬಹುದು. ಕಲಕುವ ತೊಟ್ಟಿ, ತಿಳಿಯಾಗುವ ತೊಟ್ಟಿಗಳನ್ನು ಸಾಲಾಗಿ ಇಟ್ಟ ಮಿಕ್ಸರ್-ಸೆಟ್ಲರ್ ಒಂದೊಂದು ಹಂತದಲ್ಲೂ ಶೇ 80-95 ದಕ್ಷತೆ ಕೊಡುತ್ತದೆ. ವಿರಳ ಭೂಲೋಹಗಳಲ್ಲಿ ಅಕ್ಕಪಕ್ಕದ ಧಾತುಗಳ ನಡುವಿನ ವ್ಯತ್ಯಾಸ ತೀರಾ ಸಣ್ಣದು, ಹಂತಗಳ ಲೆಕ್ಕ ನೂರು ದಾಟುತ್ತದೆ. ಅಲ್ಲಿ ಕಾಲಮ್ ಅಲ್ಲ, ಇವೇ ಬೇಕು.

## ಎತ್ತರವನ್ನು ತಿನ್ನುವ ಕಳ್ಳ: ಹಿಮ್ಮಿಶ್ರಣ

ಪ್ರತಿಮುಖ ಹರಿವಿನ ಲಾಭವೆಲ್ಲ ನಿಂತಿರುವುದು ಒಂದು ನಿಯಮದ ಮೇಲೆ: ಮೇಲಿನ ದ್ರವ ಮೇಲೆಯೇ, ಕೆಳಗಿನದು ಕೆಳಗೇ ಇರಬೇಕು, ಎತ್ತರದ ಉದ್ದಕ್ಕೂ ದ್ರಾವ್ಯದ ಪ್ರಮಾಣ ಮೆಟ್ಟಿಲಿನಂತೆ ಇಳಿಯುತ್ತಾ ಹೋಗಬೇಕು. ಆದರೆ ಕಲಕಾಟ ಈ ಮೆಟ್ಟಿಲುಗಳನ್ನು ಅಳಿಸುತ್ತದೆ. ಈಗಾಗಲೇ ದ್ರಾವ್ಯ ಕಳೆದುಕೊಂಡ ದ್ರವದ ಒಂದಿಷ್ಟು ಭಾಗ ಸುಳಿಗೆ ಸಿಕ್ಕಿ ಹಿಂದಕ್ಕೆ, ದ್ರಾವ್ಯ ಹೆಚ್ಚಿರುವ ಕಡೆಗೆ ಹೋಗುತ್ತದೆ. ಇದೇ ಹಿಮ್ಮಿಶ್ರಣ. ದೊಡ್ಡ ಹನಿಗಳು ಬೇಗ ಓಡಿ, ಸಣ್ಣವು ಹಿಂದುಳಿದರೂ ಪರಿಣಾಮ ಹೆಚ್ಚುಕಡಿಮೆ ಅದೇ.

ಈಗ ಚಿತ್ರ ಪೂರ್ತಿಯಾಯಿತು. ಕಲಕುವ ವೇಗ ಹೆಚ್ಚಿಸಿದರೆ ಹನಿ ಸಣ್ಣದಾಗಿ ಹೊರಮೈ ಬೆಳೆಯುತ್ತದೆ, ದಕ್ಷತೆ ಏರುತ್ತದೆ. ಅದೇ ಕಲಕಾಟ ಹಿಮ್ಮಿಶ್ರಣವನ್ನೂ ಏರಿಸುತ್ತದೆ. ಒಂದು ವೇಗದವರೆಗೆ ಮೊದಲನೆಯದರ ಕೈ ಮೇಲು. ಆಮೇಲೆ ಎರಡನೆಯದು ಗೆಲ್ಲುತ್ತದೆ. ವೇಗದೆದುರು ದಕ್ಷತೆಯ ಗೆರೆ ಎಳೆದರೆ ಗುಡ್ಡದಂತೆ ಏರಿ ಇಳಿಯುತ್ತದೆ. ಪಲ್ಸ್ ಕಾಲಮ್‌ನಲ್ಲಿ ಮಿಡಿತದ ಎತ್ತರವನ್ನು ಅದರ ಆವರ್ತನದಿಂದ ಗುಣಿಸಿದ ಸಂಖ್ಯೆ ಸೆಕೆಂಡಿಗೆ 10ರಿಂದ 25 ಮಿಲಿಮೀಟರ್ ಇರುವಂತೆ ನೋಡಿಕೊಳ್ಳುವುದು ಆ ಗುಡ್ಡದ ನೆತ್ತಿಯ ಹತ್ತಿರ ಉಳಿಯಲೆಂದೇ.

ಕಾಲಮ್‌ನ ವ್ಯಾಸ ಹೆಚ್ಚಿದಂತೆ ಸುಳಿಗಳೂ ದೊಡ್ಡದಾಗುತ್ತವೆ. ಅಗಲವಾದ ಕಾಲಮ್‌ಗಳಲ್ಲಿ ಎತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ಹಿಮ್ಮಿಶ್ರಣದ ನಷ್ಟ ತುಂಬಿಕೊಡುವುದಕ್ಕೇ ಹೋಗಬಹುದು. ಕಾರ್ ಕಾಲಮ್‌ಗೆ ಬಳಕೆಯಲ್ಲಿರುವ ಒಂದು ನಿಯಮ ನೋಡಿ: ಎಚ್‌ಇಟಿಪಿಯು ವ್ಯಾಸದ 0.38ನೇ ಘಾತದಂತೆ ಬೆಳೆಯುತ್ತದೆ. 50 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕಾಲಮ್‌ನಲ್ಲಿ ಎಚ್‌ಇಟಿಪಿ 0.20 ಮೀಟರ್ ಬಂದಿದ್ದರೆ, ಒಂದು ಮೀಟರ್ ವ್ಯಾಸದ ಕಾಲಮ್‌ನಲ್ಲಿ ಅದು ಸುಮಾರು 0.62 ಮೀಟರ್. ಐದು ಹಂತಕ್ಕೆ ಒಂದು ಮೀಟರ್ ಸಾಕೆಂದು ತೋರಿದ್ದು ಮೂರು ಮೀಟರ್ ಆಗುತ್ತದೆ. ಪ್ರಯೋಗಾಲಯದ ಅಂಕಿಯನ್ನು ಹಾಗೇ ಎತ್ತಿ ದೊಡ್ಡ ಕಾಲಮ್‌ಗೆ ಹಾಕುವುದು ಈ ಕ್ಷೇತ್ರದಲ್ಲಿ ಅತಿ ದುಬಾರಿಯಾಗುವ ತಪ್ಪು.

## ಫ್ಲಡಿಂಗ್ ಎಂಬ ಗೋಡೆ

ಕಾಲಮ್‌ನ ಗಾತ್ರದಲ್ಲಿ ಹನಿಗಳು ಆಕ್ರಮಿಸಿಕೊಂಡ ಪಾಲಿಗೆ ಹೋಲ್ಡಪ್ ಎನ್ನುತ್ತಾರೆ, ಸಾಮಾನ್ಯವಾಗಿ ಶೇ 10ರಿಂದ 20. ಹೋಲ್ಡಪ್ ಶೇ 15, ಹನಿ 3 ಮಿಲಿಮೀಟರ್ ಇದ್ದರೆ ಪ್ರತಿ ಘನ ಮೀಟರಿನಲ್ಲಿ 300 ಚದರ ಮೀಟರ್ ಹೊರಮೈ ಸಿಗುತ್ತದೆ. ಹರಿವನ್ನೋ ಕಲಕುವ ವೇಗವನ್ನೋ ಹೆಚ್ಚಿಸುತ್ತಾ ಹೋದರೆ ಹೋಲ್ಡಪ್ ನಿಧಾನಕ್ಕೆ ಏರಿ, ಒಂದು ಹಂತದಲ್ಲಿ ಧುತ್ತೆಂದು ಮೇಲೆ ಹಾರುತ್ತದೆ. ಹನಿಗಳು ಎದುರಿನ ಹರಿವನ್ನು ಸೀಳಿ ಸಾಗಲಾರದೆ ಒಂದೆಡೆ ಜಮಾಯಿಸಿ, ತಪ್ಪು ತುದಿಯಿಂದ ಹೊರಬೀಳತೊಡಗುತ್ತವೆ. ಇದು ಫ್ಲಡಿಂಗ್. ಪಲ್ಸ್ ಕಾಲಮ್‌ನಲ್ಲಿ ಮಿಡಿತ ತೀರಾ ಕಡಿಮೆಯಾದರೂ ಇದೇ ಗತಿ, ಯಾಕೆಂದರೆ ಸಣ್ಣ ರಂಧ್ರಗಳ ಮೂಲಕ ದ್ರವವನ್ನು ತಳ್ಳುವುದೇ ಮಿಡಿತ.

ಗುಡ್ಡದ ನೆತ್ತಿ ಹೆಚ್ಚಾಗಿ ಈ ಗೋಡೆಯ ಹತ್ತಿರವೇ ಇರುವುದರಿಂದ, ಫ್ಲಡಿಂಗ್ ಹರಿವಿನ ಶೇ 70-80ರಲ್ಲಿ ನಡೆಸುವುದು ರೂಢಿ. ಇನ್ನೂ ಮುಂದೆ ಹೋದರೆ ಉಷ್ಣತೆಯ ಅಥವಾ ಫೀಡ್‌ನ ಸಣ್ಣ ಏರುಪೇರಿಗೂ ಕಾಲಮ್ ತುಂಬಿಕೊಳ್ಳುತ್ತದೆ. ಹಾಗೆ ಆದರೆ ಮೊದಲು ಕಲಕುವ ವೇಗ ಇಳಿಸಬೇಕು, ಆಮೇಲೆ ಹರಿವು. ತಿಳಿಯಾದ ಮೇಲೆ ಒಂದೊಂದಾಗಿ ಏರಿಸಬೇಕು.

## ಯಾವ ದ್ರವ ಹನಿಯಾಗಬೇಕು?

ಹರಿವು ಹೆಚ್ಚಿರುವ ದ್ರವವನ್ನು ಹನಿ ಮಾಡಿದರೆ ಹೊರಮೈ ಹೆಚ್ಚು ಸಿಗುತ್ತದೆ. ಬೆಂಕಿ ಹತ್ತುವ ಅಥವಾ ದುಬಾರಿ ದ್ರಾವಕವನ್ನು ಹನಿ ಮಾಡಿದರೆ ಕಾಲಮ್‌ನೊಳಗೆ ಅದರ ದಾಸ್ತಾನು ಕಡಿಮೆ. ಇವೆರಡಕ್ಕಿಂತ ಕಟ್ಟುನಿಟ್ಟಾದ ನಿಯಮ ಇನ್ನೊಂದಿದೆ: ಹನಿಯಾಗುವ ದ್ರವ ತಟ್ಟೆಗೋ ಪ್ಯಾಕಿಂಗ್‌ಗೋ ಅಂಟಬಾರದು. ಸೆರಾಮಿಕ್ ಮತ್ತು ಸ್ವಚ್ಛ ಸ್ಟೀಲ್ ನೀರಿಗೆ ಒಲಿಯುತ್ತವೆ. ಪಾಲಿಪ್ರೊಪಿಲೀನ್, ಟೆಫ್ಲಾನ್ ಎಣ್ಣೆಯಂಥ ದ್ರವಗಳಿಗೆ. ಸಾವಯವ ದ್ರಾವಕವನ್ನು ಹನಿ ಮಾಡುವ ಕಾಲಮ್‌ನಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್ ಹಾಕಿದರೆ ಹನಿಗಳು ಅದರ ಮೈಗೆ ಅಂಟಿ, ಕೂಡಿ, ಕಾಲುವೆಗಳಾಗಿ ಹರಿದುಹೋಗುತ್ತವೆ. ಇದೇ ಕಾರಣಕ್ಕೆ ಹನಿ ಬಿಡುವ ನಳಿಕೆಗಳ ತುದಿ ತಟ್ಟೆಯಿಂದ ಎದ್ದು ನಿಂತಿರಬೇಕು ಮತ್ತು ಆಧಾರ ಜಾಲರಿಯನ್ನು ದಾಟಿ 25-50 ಮಿಲಿಮೀಟರ್ ಪ್ಯಾಕಿಂಗ್‌ನೊಳಗೇ ಇರಬೇಕು. ಇಲ್ಲದಿದ್ದರೆ ಜಾಲರಿಯ ಕೆಳಗೇ ಹನಿಗಳು ಜಮಾಯಿಸಿ ಅಲ್ಲಿಂದಲೇ ಫ್ಲಡಿಂಗ್ ಶುರುವಾಗುತ್ತದೆ.

## ರಾಫಿನೇಟ್ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಕೈ ಮೊದಲು ಹೋಗುವುದು ಕಲಕುವ ವೇಗದ ಗುಂಡಿಗೆ. ಅದನ್ನು ಕೊನೆಗೆ ಮುಟ್ಟಬೇಕು.

ಮೊದಲು ದ್ರಾವ್ಯದ ಜಮಾಖರ್ಚು. ಒಳಗೆ ಬಂದದ್ದು, ಹೊರಗೆ ಹೋದದ್ದು ಶೇ 5ರ ಒಳಗೆ ತಾಳೆಯಾಗದಿದ್ದರೆ ಮೀಟರೋ ಸ್ಯಾಂಪಲೋ ಸುಳ್ಳು ಹೇಳುತ್ತಿದೆ. ಆ ಅಂಕಿಗಳಿಂದ ತೆಗೆದ ದಕ್ಷತೆಗೆ ಅರ್ಥವಿಲ್ಲ. ಯಾವುದೇ ಬದಲಾವಣೆ ಮಾಡಿದ ಮೇಲೆ ಕಾಲಮ್‌ನೊಳಗಿನ ದ್ರವ ಮೂರರಿಂದ ಐದು ಸಲ ಪೂರ್ತಿ ಬದಲಾಗುವಷ್ಟು ಹೊತ್ತು ಕಾದು, ಎರಡೂ ತುದಿಯಿಂದ ಒಂದೇ ವೇಳೆಗೆ ಸ್ಯಾಂಪಲ್ ತೆಗೆಯಬೇಕು. ರಾಫಿನೇಟ್ ಸ್ಯಾಂಪಲ್ ಮಬ್ಬಾಗಿದ್ದರೆ ಅದರಲ್ಲಿ ದ್ರಾವಕದ ಹನಿಗಳು ತೇಲುತ್ತಿವೆ. ತಿಳಿಯಾಗಲು ಬಿಟ್ಟು ಅಥವಾ ಸೆಂಟ್ರಿಫ್ಯೂಜ್ ಮಾಡಿ ಮತ್ತೆ ಅಳೆಯಿರಿ. ಆಗ ಅಂಕಿ ಸರಿಹೋದರೆ ತೊಂದರೆ ದಾಟುವಿಕೆಯಲ್ಲಿಲ್ಲ, ಬೇರ್ಪಡುವಿಕೆಯಲ್ಲಿದೆ.

ಎರಡನೆಯದು, ಮರುಬಳಕೆಯ ದ್ರಾವಕ. ಇದನ್ನು ಮರೆಯುವವರೇ ಹೆಚ್ಚು. ಎಕ್ಸ್‌ಟ್ರಾಕ್ಟ್‌ನಿಂದ ದ್ರಾವ್ಯ ತೆಗೆದು ಅದೇ ದ್ರಾವಕವನ್ನು ಮತ್ತೆ ಕಾಲಮ್‌ಗೆ ಕಳಿಸುತ್ತೇವೆ. ಅದರಲ್ಲಿ ಶೇ 0.2ರಷ್ಟು ದ್ರಾವ್ಯ ಉಳಿದಿದ್ದು, ಹಂಚಿಕೆ ಗುಣಾಂಕ 2 ಇದ್ದರೆ, ರಾಫಿನೇಟ್ ಶೇ 0.1ಕ್ಕಿಂತ ಕೆಳಗೆ ಹೋಗಲಾರದು. ನೂರು ಹಂತ ಸೇರಿಸಿದರೂ ಹೋಗಲಾರದು. ಇಂಥಲ್ಲಿ ದೋಷ ಕಾಲಮ್‌ನದ್ದಲ್ಲ, ದ್ರಾವಕವನ್ನು ಶುದ್ಧಮಾಡುವ ಘಟಕದ್ದು.

ಮೂರನೆಯದು, ಹಂಚಿಕೆ ಗುಣಾಂಕವೇ ಬದಲಾಗಿದೆಯೇ? ಉಷ್ಣತೆ ಮತ್ತು ಪಿಎಚ್ ನೋಡಿ. ಪೆನಿಸಿಲಿನ್ ಬ್ಯುಟೈಲ್ ಅಸಿಟೇಟ್‌ಗೆ ದಾಟುವುದು ಪಿಎಚ್ 2-2.5ರ ಆಸುಪಾಸಿನಲ್ಲಿ, ಪಿಎಚ್ 7ರಲ್ಲಿ ಅದು ಅಯಾನಾಗಿ ನೀರಿಗೇ ವಾಪಸಾಗುತ್ತದೆ. ಆಮ್ಲ ಹಾಕುವ ಪಂಪ್ ಸ್ವಲ್ಪ ಎಡವಿದರೆ ಸಾಕು, ಇಡೀ ಕಾಲಮ್ ಕೆಟ್ಟಂತೆ ಕಾಣುತ್ತದೆ. ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಒಂದು ಸೆಪರೇಟಿಂಗ್ ಫನೆಲ್‌ನಲ್ಲಿ (ಕೆಳಗೆ ನಲ್ಲಿಯಿರುವ ಗಾಜಿನ ಪಾತ್ರೆಯಲ್ಲಿ) ಅಂದಿನ ಫೀಡ್, ಅಂದಿನ ದ್ರಾವಕ ಹಾಕಿ, ಕಾಲಮ್‌ನ ಉಷ್ಣತೆಯಲ್ಲೇ ಕುಲುಕಿ, ಬೇರ್ಪಡಿಸಿ, ಎರಡೂ ಪದರ ಅಳೆದರೆ ಸಾಕು. ಪದರಗಳು ಬೇರೆಯಾಗಲು ಎಷ್ಟು ಹೊತ್ತು ಹಿಡಿಯಿತು ಎಂದೂ ಬರೆದಿಡಿ. ಮೊದಲು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತಿದ್ದದ್ದು ಈಗ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರೆ ಮೇಲ್ಮೈಗೆ ಅಂಟುವ ವಸ್ತುವೋ ನುಣ್ಣನೆಯ ಕೆಸರೋ ಸೇರಿಕೊಂಡಿದೆ.

ಆ ಕೆಸರು ಕಾಲಮ್‌ನಲ್ಲಿ ಎರಡು ದ್ರವಗಳು ಸೇರುವ ಗಡಿಯಲ್ಲಿ ಕೊಳಕು ಪದರವಾಗಿ ಶೇಖರವಾಗುತ್ತದೆ. ಹಗುರ ದ್ರವ ಹನಿಯಾಗಿದ್ದರೆ ಗಡಿ ಮೇಲ್ತುದಿಯಲ್ಲಿ, ಭಾರದ್ದು ಹನಿಯಾಗಿದ್ದರೆ ಕೆಳತುದಿಯಲ್ಲಿ ಇರುತ್ತದೆ. ಪದರ ದಪ್ಪವಾದಂತೆ ಹನಿಗಳು ಕೂಡಿಕೊಳ್ಳಲಾರದೆ ಹಿಂದೆ ನಿಲ್ಲುತ್ತವೆ, ಮಟ್ಟ ಅಳೆಯುವ ಸಾಧನವೂ ದಾರಿ ತಪ್ಪುತ್ತದೆ. ಫೀಡನ್ನು ಸೋಸುವುದು, ಗಡಿಯ ಬಳಿ ಆ ಪದರವನ್ನು ಆಗಾಗ ಹೊರತೆಗೆಯಲು ಒಂದು ಕೊಳವೆ ಇಡುವುದು – ಇವೆರಡೇ ಮದ್ದು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾಲಮ್‌ನ ಒಳಗನ್ನು ಅನುಮಾನಿಸಬೇಕು. ನಡೆಯುತ್ತಿರುವಾಗಲೇ ಎಲ್ಲ ವಾಲ್ವ್‌ಗಳನ್ನೂ ಕಲಕುವಿಕೆಯನ್ನೂ ಒಮ್ಮೆಲೇ ನಿಲ್ಲಿಸಿ, ಹನಿಗಳೆಲ್ಲ ಗಡಿಗೆ ಬಂದು ಕೂಡಿದ ಮೇಲೆ ಗಡಿ ಎಷ್ಟು ಸರಿಯಿತು ನೋಡಿದರೆ ಹೋಲ್ಡಪ್ ಸಿಗುತ್ತದೆ. ಹಿಂದೆ ಶೇ 15 ಇದ್ದದ್ದು ಈಗ 6 ಆಗಿದ್ದರೆ ಹನಿಗಳು ದಪ್ಪವಾಗಿ ಓಡಿಹೋಗುತ್ತಿವೆ: ನಳಿಕೆಗಳು ಕಟ್ಟಿರಬಹುದು, ತಟ್ಟೆಗಳಿಗೆ ಗ್ರೀಸ್ ಹತ್ತಿರಬಹುದು, ಬಿಲ್ಲೆ ದಂಡದಿಂದ ಸಡಿಲವಾಗಿರಬಹುದು. ಹೋಲ್ಡಪ್ ಮೊದಲಿನಷ್ಟೇ ಇದ್ದು ರಾಫಿನೇಟ್ ಮಾತ್ರ ಕೆಟ್ಟಿದ್ದರೆ ಅನುಮಾನ ಹಿಮ್ಮಿಶ್ರಣದ ಮೇಲೆ; ತಟ್ಟೆಯ ಅಂಚಿನ ಸೀಲ್ ಹೋಗಿರಬಹುದು, ಕಾಲಮ್ ನೆಟ್ಟಗೆ ನಿಂತಿಲ್ಲದಿರಬಹುದು. ತುಸು ವಾಲಿದ ಕಾಲಮ್‌ನಲ್ಲಿ ಹನಿಗಳೆಲ್ಲ ಒಂದು ಗೋಡೆಯ ಪಕ್ಕ ಮೇಲೇರಿ, ಅಖಂಡ ದ್ರವ ಇನ್ನೊಂದು ಪಕ್ಕದಲ್ಲಿ ಇಳಿಯುತ್ತಾ ದೊಡ್ಡದೊಂದು ಸುಳಿಯನ್ನೇ ಕಟ್ಟುತ್ತವೆ. ಮುಂದಿನ ಶಟ್‌ಡೌನ್‌ನಲ್ಲಿ ಒಳಗಿಳಿದು ರಂಧ್ರಗಳನ್ನು ನೋಡುವವರು ತೂಕಗುಂಡು ಕಟ್ಟಿದ ದಾರವೊಂದನ್ನು ಮೇಲಿನಿಂದ ಇಳಿಬಿಟ್ಟು ಕಾಲಮ್‌ನ ನೆಟ್ಟನೆಯ ನಿಲುವನ್ನೂ ಅಳೆದು ಬರಬೇಕು.